ಘಟ್ಟ ಪ್ರದೇಶಗಳಲ್ಲಿ ಪಿಕಪ್ ಸರಕು ವಾಹನಗಳ ಸುರಕ್ಷಿತ ಚಾಲನೆ ಮತ್ತು ನಿರ್ವಹಣೆ: ಮಾಲೀಕರು ಹಾಗೂ ಚಾಲಕರ ಗಮನಕ್ಕೆ

ರಾಜ್ಯದ ಮಲೆನಾಡು ಹಾಗೂ ಕರಾವಳಿ ಜಿಲ್ಲೆಗಳಲ್ಲಿ ತೋಟದ ಉತ್ಪನ್ನ, ಗೊಬ್ಬರ, ತರಕಾರಿ, ಸಿಮೆಂಟು, ಮರಳು, ಹಾಲಿನ ಕ್ಯಾನು ಮುಂತಾದ ಸರಕುಗಳ ಸಾಗಣೆಯು ಬಹುಪಾಲು ಪಿಕಪ್ ಎಂದು ವಾಡಿಕೆಯಲ್ಲಿ ಕರೆಯಲಾಗುವ ಲಘು ಸರಕು ವಾಹನಗಳಿಂದಲೇ ನಡೆಯುತ್ತಿದೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ, ದೇವಿಮನೆ, ಅರಬೈಲು ಮೊದಲಾದ ಘಟ್ಟಗಳ ಕಡಿದಾದ ಇಳಿಜಾರು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಹಾಗೂ ಮಂಜು, ಮತ್ತು ತೋಟಗಳಿಗೆ ಹೋಗುವ ಕಿರಿದಾದ ಮಣ್ಣಿನ ರಸ್ತೆಗಳು ಈ ವಾಹನಗಳ ಮೇಲೆ ಬಯಲುಸೀಮೆಯಲ್ಲಿ ಕಂಡುಬರದ ಒತ್ತಡವನ್ನು ಉಂಟುಮಾಡುತ್ತವೆ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆಯು 7000 ಮಿ.ಮೀ.ಗೂ ಅಧಿಕವಾಗಿರುವುದನ್ನು ಗಮನಿಸಿದರೆ ಈ ಒತ್ತಡದ ಅಂದಾಜು ಆಗುತ್ತದೆ.

ವಾಹನದ ನೋಂದಣಿ, ಅರ್ಹತಾ ಪತ್ರ, ಚಾಲನಾ ಅನುಜ್ಞಾ ಪತ್ರ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಈ ದಾಖಲೆಗಳ ಹಿಂದಿರುವ ಉದ್ದೇಶವನ್ನು ಅರಿತು, ವಾಹನವನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ನೋಂದಣಿ ಪತ್ರದಲ್ಲಿರುವ ತೂಕ

ಘಟ್ಟದ ಇಳಿಜಾರಿನಲ್ಲಿ ಸಂಭವಿಸುವ ಬ್ರೇಕ್ ವೈಫಲ್ಯಗಳ ಬಗ್ಗೆ ಮಾತನಾಡುವಾಗ ಬ್ರೇಕಿನ ಭಾಗಗಳನ್ನೇ ದೂರುವುದು ರೂಢಿ. ವಾಸ್ತವವಾಗಿ ಪರಿಶೀಲನೆಯನ್ನು ಬ್ರೇಕಿಗಿಂತ ಮೊದಲು ತೂಕದಿಂದ ಆರಂಭಿಸಬೇಕು. ಪ್ರತಿಯೊಂದು ಸರಕು ವಾಹನದ ನೋಂದಣಿ ಪತ್ರದಲ್ಲಿ ಎರಡು ತೂಕಗಳನ್ನು ನಮೂದಿಸಲಾಗಿರುತ್ತದೆ. ಮೊದಲನೆಯದು ಖಾಲಿ ವಾಹನದ ತೂಕ. ಎರಡನೆಯದು ಭಾರ ಸಹಿತವಾದ ಒಟ್ಟು ತೂಕ. ಇವೆರಡರ ನಡುವಿನ ವ್ಯತ್ಯಾಸವೇ ಹೇರಬಹುದಾದ ಭಾರ. ಆದರೆ ಇಲ್ಲಿ ಅನೇಕ ಮಾಲೀಕರ ಗಮನಕ್ಕೆ ಬಾರದ ಒಂದು ಅಂಶವಿದೆ. ಮೋಟಾರು ವಾಹನಗಳ ಕಾಯ್ದೆ, 1988ರ ವ್ಯಾಖ್ಯೆಯ ಪ್ರಕಾರ ಖಾಲಿ ತೂಕದಲ್ಲಿ ಚಾಲಕನ ಹಾಗೂ ಸಹಾಯಕನ ತೂಕ ಸೇರಿರುವುದಿಲ್ಲ. ಆದ್ದರಿಂದ ಅವರ ತೂಕವನ್ನೂ ಹೇರುವ ಭಾರದಲ್ಲಿಯೇ ಲೆಕ್ಕ ಹಾಕತಕ್ಕದ್ದು.

ಉದಾಹರಣೆಗೆ, ಒಂದು ಪಿಕಪ್ ವಾಹನದ ಒಟ್ಟು ತೂಕ 2990 ಕೆ.ಜಿ., ಖಾಲಿ ತೂಕ 1700 ಕೆ.ಜಿ. ಇದೆ ಎಂದಿಟ್ಟುಕೊಂಡರೆ ವ್ಯತ್ಯಾಸವು 1290 ಕೆ.ಜಿ. ಆಗುತ್ತದೆ. ಚಾಲಕ ಹಾಗೂ ಸಹಾಯಕರಿಗೆ 130 ಕೆ.ಜಿ. ಕಳೆದರೆ ಉಳಿಯುವುದು 1160 ಕೆ.ಜಿ. ಮಾತ್ರ. ಅಂದರೆ 50 ಕೆ.ಜಿ.ಯ ಸಿಮೆಂಟು ಚೀಲಗಳು 23. "ಇನ್ನೊಂದು ಹತ್ತು ಚೀಲ ಹಾಕಿ" ಎಂದು ಅಂಗಡಿಯ ಮುಂದೆ ಹೇಳುವ ಮಾತು ಅರ್ಧ ಟನ್ ಹೆಚ್ಚುವರಿ ಭಾರಕ್ಕೆ ಸಮ.

ಮರಳಿನ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿಯಾದುದು. ಮರಳನ್ನು ಯೂನಿಟ್ ಲೆಕ್ಕದಲ್ಲಿ ಮಾರಾಟ ಮಾಡುವುದು ವಾಡಿಕೆ. ಒಂದು ಯೂನಿಟ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ಒಣ ಮರಳು ಒಂದು ಘನ ಮೀಟರಿಗೆ ಸುಮಾರು 1600 ಕೆ.ಜಿ. ತೂಗುವುದರಿಂದ ಅರ್ಧ ಯೂನಿಟ್ ಮರಳೇ ಎರಡೂಕಾಲು ಟನ್ ಆಗುತ್ತದೆ. ಮೇಲಿನ ಉದಾಹರಣೆಯ ವಾಹನದ ಸರಕು ತೊಟ್ಟಿಯು 2.5 ಮೀಟರ್ ಉದ್ದ, 1.7 ಮೀಟರ್ ಅಗಲ ಇದ್ದಲ್ಲಿ, ಅನುಮತಿ ಇರುವ ತೂಕದ ಮರಳು ತೊಟ್ಟಿಯಲ್ಲಿ ಸುಮಾರು 17 ಸೆಂ.ಮೀ. ಎತ್ತರಕ್ಕೆ ಮಾತ್ರ ಬರುತ್ತದೆ. ಒಂದು ಗೇಣೂ ಆಗುವುದಿಲ್ಲ. ತೊಟ್ಟಿ ತುಂಬಿದರೆ ಮಾತ್ರ ಲೋಡು ಆಯಿತು ಎಂಬ ಭಾವನೆಯು ಹುಲ್ಲು, ಖಾಲಿ ಕ್ರೇಟು, ಹಸಿರು ಸೊಪ್ಪಿಗೆ ಸರಿ. ಮರಳು, ಜಲ್ಲಿ, ಕೆಂಪು ಕಲ್ಲಿಗೆ ಸಲ್ಲದು. ಮಳೆಯಲ್ಲಿ ನೆನೆದ ಮರಳು, ಮಣ್ಣು ಮೆತ್ತಿದ ಶುಂಠಿ ಮೂಟೆ, ಹಸಿ ಅಡಿಕೆ ಇವುಗಳ ತೂಕವು ಕಣ್ಣಳತೆಗೆ ಸಿಗುವುದಿಲ್ಲ. ಘಟ್ಟ ಇಳಿಯುವ ಮೊದಲು ವೇಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿ ಚೀಟಿಯನ್ನು ವಾಹನದಲ್ಲಿಟ್ಟುಕೊಳ್ಳುವುದು ಸೂಕ್ತ.

ಅನುಮತಿ ಮೀರಿದ ಭಾರಕ್ಕೆ ಕಾಯ್ದೆಯ 194ನೇ ಕಲಂ ಅನ್ವಯ, 2019ರ ತಿದ್ದುಪಡಿಯ ತರುವಾಯ, 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿರುತ್ತದೆ. ಹೆಚ್ಚುವರಿ ಸರಕನ್ನು ಮಾಲೀಕರ ಖರ್ಚಿನಲ್ಲಿಯೇ ಇಳಿಸುವವರೆಗೆ ವಾಹನವು ಮುಂದೆ ಹೋಗುವಂತಿಲ್ಲ. ಸರಕು ತೊಟ್ಟಿಯ ಪಕ್ಕಗಳಿಂದ, ಮುಂದಿನಿಂದ ಅಥವಾ ಹಿಂದಿನಿಂದ ಹೊರಚಾಚುವಂತೆ ಸರಕನ್ನು ಹೇರುವುದೂ ಪ್ರತ್ಯೇಕ ಅಪರಾಧ. ಬಿದಿರು, ಕಬ್ಬಿಣದ ಸರಳು, ಅಡಿಕೆ ಮರದ ಸೀಳುಗಳನ್ನು ಸಾಗಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಮಾನು ಪಟ್ಟಿ ಹೆಚ್ಚಿಸುವುದು

ಹಿಂದಿನ ಅಚ್ಚಿನ ಮೇಲೆ ಹೆಚ್ಚುವರಿ ಕಮಾನು ಪಟ್ಟಿಗಳನ್ನು ಕೂಡಿಸಿದರೆ ವಾಹನವು ಹೆಚ್ಚು ಭಾರ ಹೊರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಪಟ್ಟಿ ಹೆಚ್ಚಿಸಿದಾಗ ವಾಹನದ ಹಿಂಭಾಗ ಕುಸಿಯುವುದು ಮಾತ್ರ ಕಡಿಮೆಯಾಗುತ್ತದೆ. ಬ್ರೇಕು, ಅಚ್ಚು, ಬೇರಿಂಗ್, ಟೈರು, ಚಾಸಿ ಇವು ಮೊದಲಿದ್ದ ಸಾಮರ್ಥ್ಯದಲ್ಲಿಯೇ ಇರುತ್ತವೆ. ಇದಲ್ಲದೆ ಅನೇಕ ಪಿಕಪ್ ವಾಹನಗಳಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ಒಂದು ವಾಲ್ವ್ ಇರುತ್ತದೆ. ಅಚ್ಚು ಹಾಗೂ ಚಾಸಿಯ ನಡುವಿನ ಅಂತರವು ಕಡಿಮೆಯಾದಂತೆ ಭಾರ ಹೆಚ್ಚಿದೆಯೆಂದು ಗ್ರಹಿಸಿ ಅದು ಹಿಂದಿನ ಬ್ರೇಕಿಗೆ ಹೆಚ್ಚಿನ ಒತ್ತಡವನ್ನು ಬಿಡುತ್ತದೆ. ಪಟ್ಟಿ ಹೆಚ್ಚಿಸಿದ ವಾಹನವು ಭಾರ ಹೇರಿದಾಗಲೂ ಕುಸಿಯದ ಕಾರಣ ವಾಹನ ಖಾಲಿ ಇದೆಯೆಂದೇ ಆ ವಾಲ್ವ್ ಗ್ರಹಿಸುತ್ತದೆ. ಪರಿಣಾಮವಾಗಿ, ಅತಿ ಹೆಚ್ಚು ಬ್ರೇಕ್ ಬೇಕಾದ ಸಂದರ್ಭದಲ್ಲಿಯೇ ಹಿಂದಿನ ಚಕ್ರಗಳಿಗೆ ಅತಿ ಕಡಿಮೆ ಬ್ರೇಕ್ ದೊರೆಯುತ್ತದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದು ಕಾಯ್ದೆಯ 52ನೇ ಕಲಂಗೆ ವಿರುದ್ಧವೂ ಆಗಿದೆ.

ಇಳಿಜಾರಿನಲ್ಲಿ ಚಾಲನೆ

ಘಟ್ಟ ಇಳಿಯುವಾಗ ವಾಹನದ ವೇಗವನ್ನು ಹಿಡಿದಿಡುವ ಕೆಲಸವನ್ನು ಬ್ರೇಕ್ ಮಾತ್ರ ಮಾಡಿದರೆ ಉಂಟಾಗುವ ಶಾಖವೆಲ್ಲವೂ ಬ್ರೇಕ್ ಡ್ರಮ್ ಹಾಗೂ ಲೈನರ್‌ಗಳಲ್ಲಿ ಸೇರಿಕೊಳ್ಳುತ್ತದೆ. ಲೈನರ್ ಅತಿಯಾಗಿ ಕಾದಾಗ ಅದರ ಹಿಡಿತವು ಕುಗ್ಗುತ್ತದೆ. ಚಾಲಕನು ಪೆಡಲನ್ನು ಎಷ್ಟೇ ಬಲವಾಗಿ ಒತ್ತಿದರೂ ವಾಹನ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಇನ್ನೊಂದು ಅಪಾಯವೂ ಇದೆ. ಈ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವಾಂಶ ಸೇರಿದ ಆಯಿಲ್ ಕಡಿಮೆ ಶಾಖದಲ್ಲಿಯೇ ಕುದಿದು ಆವಿಯಾಗುತ್ತದೆ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಮಲೆನಾಡಿನ ತೇವ ಹವೆಯಲ್ಲಿ ಈ ಕಾರಣಕ್ಕಾಗಿಯೇ ಬ್ರೇಕ್ ಆಯಿಲ್ ಅನ್ನು ತಯಾರಕರು ಹೇಳಿದ ಅವಧಿಯೊಳಗೆ, ಹೆಚ್ಚೆಂದರೆ 2 ವರ್ಷಕ್ಕೊಮ್ಮೆ, ಸಂಪೂರ್ಣವಾಗಿ ಬದಲಾಯಿಸಬೇಕು. ಕಡಿಮೆಯಾದಷ್ಟನ್ನು ಮೇಲಿನಿಂದ ಸೇರಿಸುತ್ತಾ ಹೋಗುವುದು ಬದಲಾವಣೆ ಎನಿಸುವುದಿಲ್ಲ.

ಇಳಿಜಾರನ್ನು ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ, ಅಥವಾ ಅದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿಯತಕ್ಕದ್ದು ಎಂಬುದು ಹಿಂದಿನಿಂದ ಬಂದ ನಿಯಮ. ಇಂದಿಗೂ ಅದಕ್ಕಿಂತ ಉತ್ತಮವಾದ ನಿಯಮವಿಲ್ಲ. ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಬದಲಾಯಿಸಬೇಕು. ವೇಗ ಹೆಚ್ಚಾದ ನಂತರ ಕೆಳಗಿನ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿದುಬಿಡುವ ಸಂಭವವಿದೆ. ಬ್ರೇಕ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಇಳಿಯುವ ಬದಲು, ಎಂಜಿನ್ ಹಿಡಿತದಲ್ಲಿ ಇಳಿಯುತ್ತಾ ಅಗತ್ಯವಿದ್ದಾಗ ದೃಢವಾಗಿ ಒತ್ತಿ ಬಿಡುವುದರಿಂದ ಡ್ರಮ್ ಆರಲು ಅವಕಾಶವಾಗುತ್ತದೆ. ಸುಟ್ಟ ವಾಸನೆ ಬಂದಲ್ಲಿ ಅಥವಾ ಪೆಡಲ್ ಮೊದಲಿಗಿಂತ ಕೆಳಗೆ ಹೋದಲ್ಲಿ ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬ್ರೇಕ್ ತಾನಾಗಿ ಆರುವವರೆಗೆ ಕಾಯಬೇಕು. ಕಾದ ಡ್ರಮ್ಮಿನ ಮೇಲೆ ನೀರು ಸುರಿಯುವುದರಿಂದ ಡ್ರಮ್ ಬಿರುಕು ಬಿಡಬಹುದು.

ಡೀಸೆಲ್ ಉಳಿಸುವ ಸಲುವಾಗಿ ನ್ಯೂಟ್ರಲ್‌ನಲ್ಲಿ ಅಥವಾ ಎಂಜಿನ್ ಬಂದ್ ಮಾಡಿ ಘಟ್ಟ ಇಳಿಯುವ ಅಭ್ಯಾಸವು ಪ್ರಾಣಾಪಾಯಕರ. ಬ್ರೇಕಿಗೆ ಸಹಾಯ ಮಾಡುವ ಬೂಸ್ಟರ್ ಹಾಗೂ ಪವರ್ ಸ್ಟಿಯರಿಂಗ್ ಎರಡೂ ಎಂಜಿನ್ ಚಾಲನೆಯಲ್ಲಿದ್ದಾಗ ಮಾತ್ರ ಪೂರ್ಣವಾಗಿ ಕೆಲಸ ಮಾಡುತ್ತವೆ. ಉಳಿಯುವ ಡೀಸೆಲ್ಲೂ ಹೇಳಿಕೊಳ್ಳುವಷ್ಟಿಲ್ಲ: ಇಂದಿನ ಡೀಸೆಲ್ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ಪೂರೈಕೆಯು ಬಹುಮಟ್ಟಿಗೆ ತಾನಾಗಿಯೇ ನಿಂತಿರುತ್ತದೆ.

ಕಿರಿದಾದ ಘಟ್ಟದ ರಸ್ತೆಯಲ್ಲಿ ಎರಡು ವಾಹನಗಳು ಎದುರಾದಾಗ ಏರುವ ವಾಹನಕ್ಕೆ ಆದ್ಯತೆ. ಇಳಿಯುವ ವಾಹನವು ಬದಿಗೆ ನಿಂತು ದಾರಿ ಬಿಡತಕ್ಕದ್ದು. ಆದರೆ ದಾರಿ ಬಿಡುವಾಗ ಕಂದಕದ ಕಡೆಯ ಅಂಚಿನ ಮಣ್ಣನ್ನು ನಂಬಬಾರದು, ಮಳೆಗಾಲದಲ್ಲಂತೂ ಸರ್ವಥಾ ನಂಬಬಾರದು. ಹುಲ್ಲು ಬೆಳೆದು ಗಟ್ಟಿಯಾಗಿ ಕಾಣುವ ಅಂಚಿನ ಅಡಿಯಲ್ಲಿ ಮಣ್ಣು ಕೊಚ್ಚಿಹೋಗಿರಬಹುದು.

ಖಾಲಿ ವಾಹನವು ಸುರಕ್ಷಿತ ಎಂಬ ಭಾವನೆಯೂ ಪೂರ್ಣ ಸರಿಯಲ್ಲ. ಪಿಕಪ್ ಖಾಲಿ ಇದ್ದಾಗ ಹಿಂದಿನ ಚಕ್ರಗಳ ಮೇಲೆ ಭಾರ ತೀರಾ ಕಡಿಮೆಯಿರುವುದರಿಂದ, ಒದ್ದೆ ರಸ್ತೆಯ ತಿರುವಿನಲ್ಲಿ ಒಮ್ಮೆಲೇ ಬ್ರೇಕ್ ಹಾಕಿದರೆ ಹಿಂಭಾಗವು ಜಾರಿ ವಾಹನ ಅಡ್ಡ ತಿರುಗುತ್ತದೆ. ಬೆಳಿಗ್ಗೆ ಭಾರ ಹೇರಿಕೊಂಡು ಎಚ್ಚರಿಕೆಯಿಂದ ಹೋದ ಚಾಲಕನು ಸಂಜೆ ಖಾಲಿ ವಾಹನದಲ್ಲಿ ಮರಳುವಾಗಲೂ ಅದೇ ಎಚ್ಚರಿಕೆಯನ್ನು ವಹಿಸಬೇಕಾಗುತ್ತದೆ.

ಸರಕಿನ ಮೇಲೆ ಜನರನ್ನು ಕೂರಿಸುವುದು

ತೋಟದ ಕೆಲಸಗಾರರನ್ನು, ಸಂತೆಗೆ ಹೋಗುವ ವ್ಯಾಪಾರಿಗಳನ್ನು, ಮದುವೆ ದಿಬ್ಬಣವನ್ನು ಪಿಕಪ್ ತೊಟ್ಟಿಯಲ್ಲಿ ಕರೆದೊಯ್ಯುವುದು ಕಾನೂನಿಗೆ ವಿರುದ್ಧವಾದುದು ಎಂಬುದು ಸಾಮಾನ್ಯವಾಗಿ ಎಲ್ಲರಿಗೂ ತಿಳಿದಿದೆ. ಬಸ್ ಸೌಲಭ್ಯ ವಿರಳವಾದ ಊರುಗಳಲ್ಲಿ ಇದಕ್ಕೆ ಕಾರಣಗಳಿರುವುದೂ ಸುಳ್ಳಲ್ಲ. ಆದಾಗ್ಯೂ ಇದರ ಪರಿಣಾಮವನ್ನು ಮಾಲೀಕರು ಅರಿತಿರಬೇಕು. 2025ರ ಜನವರಿ 22ರ ಮುಂಜಾನೆ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹಾಗೂ ವ್ಯಾಪಾರಿಗಳನ್ನು ಹೊತ್ತು ಸಾಗುತ್ತಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ಮೃತಪಟ್ಟರು. ತೊಟ್ಟಿಯಲ್ಲಿ ಕುಳಿತವರಿಗೆ ಸೀಟ್ ಬೆಲ್ಟ್ ಇಲ್ಲ, ಹಿಡಿಕೆ ಇಲ್ಲ. ವಾಹನ ಮಗುಚಿದಾಗ ಮೂಟೆಗಳು ಅವರ ಮೇಲೆಯೇ ಬೀಳುತ್ತವೆ.

ವಿಮೆಯ ವಿಷಯವನ್ನೂ ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯ. ಸರಕು ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವರ ಅಧಿಕೃತ ಪ್ರತಿನಿಧಿಯು ಸರಕಿನೊಂದಿಗೆ ಪ್ರಯಾಣಿಸುವುದನ್ನು 1994ರ ತಿದ್ದುಪಡಿಯು ವಿಮಾ ರಕ್ಷಣೆಯ ವ್ಯಾಪ್ತಿಗೆ ತಂದಿದೆ. ಆದರೆ ಉಚಿತವಾಗಿಯೋ ಬಾಡಿಗೆಗೋ ಹತ್ತಿಸಿಕೊಂಡ ಇತರ ಪ್ರಯಾಣಿಕರಿಗೆ ಈ ರಕ್ಷಣೆ ವಿಸ್ತರಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002 ಹಾಗೂ 2004ರ ತೀರ್ಪುಗಳಲ್ಲಿ ತಿಳಿಸಿದೆ. ಇಂತಹ ಪ್ರಕರಣಗಳಲ್ಲಿ ಪರಿಹಾರದ ಮೊತ್ತವು ಅಂತಿಮವಾಗಿ ವಾಹನದ ಮಾಲೀಕರ ಮೇಲೆಯೇ ಬರುತ್ತದೆ; ಅಂದರೆ ಅವರ ಮನೆ, ತೋಟ, ವಾಹನಗಳ ಮೇಲೆ.

ಮಳೆ, ಮಂಜು ಮತ್ತು ನೀರು

ಮಂಜಿನಲ್ಲಿ ಹೈ ಬೀಮ್ ದೀಪವು ಚಾಲಕನ ಕಣ್ಣಿಗೇ ಮರಳಿ ರಾಚುತ್ತದೆ. ಲೋ ಬೀಮ್ ಹಾಗೂ ಇದ್ದಲ್ಲಿ ಫಾಗ್ ದೀಪವನ್ನು ಬಳಸಬೇಕು. ನಾಲ್ಕೂ ಇಂಡಿಕೇಟರ್‌ಗಳನ್ನು ಹಾಕಿಕೊಂಡು ಚಲಿಸುವುದು ತಪ್ಪು ಕ್ರಮ, ಏಕೆಂದರೆ ಹಿಂದಿನವರಿಗೆ ವಾಹನವು ನಿಂತಿದೆಯೋ, ತಿರುಗುತ್ತಿದೆಯೋ ತಿಳಿಯುವುದಿಲ್ಲ. ಹಿಂಭಾಗದ ಕೆಂಪು ಪ್ರತಿಫಲಕ ಪಟ್ಟಿಗಳು ಕೆಸರಿನಿಂದ ಮುಚ್ಚಿಹೋಗಿದ್ದರೆ ಇದ್ದೂ ಇಲ್ಲದಂತೆ. ಪ್ರತಿ ನಿಲುಗಡೆಯಲ್ಲಿ ಒರೆಸುವುದು ಒಳ್ಳೆಯದು.

ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ದಾಟಬಾರದು. ಸುಮಾರು 60 ಸೆಂ.ಮೀ. ಆಳದ ಹರಿಯುವ ನೀರು ಪಿಕಪ್‌ನಂತಹ ವಾಹನವನ್ನೂ ತೇಲಿಸಿಕೊಂಡು ಹೋಗಬಲ್ಲದು. ಅಕಸ್ಮಾತ್ ನಿಂತ ನೀರಿನಲ್ಲಿ ಎಂಜಿನ್ ಬಂದ್ ಆದಲ್ಲಿ ಮತ್ತೆ ಸ್ಟಾರ್ಟ್ ಮಾಡಬಾರದು. ಒಳಗೆ ಸೇರಿದ ನೀರು ಎಂಜಿನ್ನಿನ ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ನೀರು ದಾಟಿದ ನಂತರ ಕೆಲವು ಮೀಟರ್ ದೂರ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಂಡು ಮುಂದುವರಿಯಬೇಕು.

ವಿಶ್ರಾಂತಿಗೆ ನಿಲ್ಲಿಸುವ ಜಾಗದ ಆಯ್ಕೆಯೂ ಮುಖ್ಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದಾಗ ರಸ್ತೆ ಬದಿಯ ಚಹಾ ಅಂಗಡಿ ಹಾಗೂ ಅಲ್ಲಿ ನಿಂತಿದ್ದ ವಾಹನಗಳು ಗಂಗಾವಳಿ ನದಿಯ ಪಾಲಾದವು. ಸತತ ಮಳೆಯಿರುವ ದಿನಗಳಲ್ಲಿ ಕಡಿದ ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸಿ ಮಲಗುವುದನ್ನು ಬಿಡಬೇಕು. ಘಟ್ಟಗಳಲ್ಲಿ ಸಂಚಾರ ನಿರ್ಬಂಧದ ಆದೇಶಗಳನ್ನು ಆಯಾ ಜಿಲ್ಲಾಧಿಕಾರಿಗಳು ಹೊರಡಿಸುವುದರಿಂದ, ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಕೊಳ್ಳುವುದು.

ಏರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಜೊತೆಗೆ ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ಅಡೆ ಕೊಡತಕ್ಕದ್ದು. ರಸ್ತೆ ಬದಿಯ ಕಲ್ಲನ್ನು ಅಡೆಯಾಗಿಟ್ಟು, ಹೊರಡುವಾಗ ಅದನ್ನು ರಸ್ತೆಯಲ್ಲಿಯೇ ಬಿಟ್ಟುಹೋಗುವುದರಿಂದ ರಾತ್ರಿ ಬರುವ ದ್ವಿಚಕ್ರ ಸವಾರರು ಬಿದ್ದು ಗಾಯಗೊಳ್ಳುತ್ತಾರೆ.

ನಿರ್ವಹಣೆ

ದಿನವೂ ಹೊರಡುವ ಮೊದಲು ಐದು ನಿಮಿಷದ ಪರಿಶೀಲನೆ ಸಾಕಾಗುತ್ತದೆ: ಟೈರಿನ ಗಾಳಿ, ಚಕ್ರದ ನಟ್ಟು, ಬ್ರೇಕ್ ಆಯಿಲ್ ಮಟ್ಟ, ದೀಪಗಳು, ವೈಪರ್, ಹಾಗೂ ವಾಹನ ನಿಂತ ಜಾಗದಲ್ಲಿ ನೆಲದ ಮೇಲೆ ಆಯಿಲ್ ತೊಟ್ಟಿಕ್ಕಿದೆಯೇ ಎಂಬುದು. ಟೈರಿನ ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಕಾರು ಮುಂತಾದ ನಾಲ್ಕು ಚಕ್ರದ ವಾಹನಗಳಿಗೆ ಟೈರಿನ ಹಲ್ಲಿನ ಆಳವು ಕನಿಷ್ಠ 1.6 ಮಿ.ಮೀ. ಇರಬೇಕೆಂಬ ನಿಯಮವು ಪಿಕಪ್ ವಾಹನಗಳಿಗೂ ಅನ್ವಯಿಸುತ್ತದೆ. ಅದು ಕಾನೂನಿನ ಕನಿಷ್ಠ ಮಿತಿ. ಮಲೆನಾಡಿನ ಮಳೆಗೆ ಅಷ್ಟು ಸಾಲದು. ಮುಂದಿನ ಚಕ್ರಗಳಿಗೆ ರೀಟ್ರೆಡ್ ಮಾಡಿದ ಟೈರುಗಳನ್ನು ಹಾಕದಿರುವುದು ಲೇಸು.

ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನಲ್ಲಿ ಸಂಗ್ರಹವಾಗುವ ನೀರನ್ನು ಆಗಾಗ ಹೊರಬಿಡಬೇಕು. ಮಣ್ಣಿನ ರಸ್ತೆಯಲ್ಲಿ ಓಡಾಡುವ ವಾಹನಗಳ ಪ್ರೊಪೆಲ್ಲರ್ ಶಾಫ್ಟ್, ಕಮಾನಿನ ಪಿನ್ನುಗಳಿಗೆ ಗ್ರೀಸು ಹಾಗೂ ಏರ್ ಫಿಲ್ಟರ್ ಶುಚಿಗೊಳಿಸುವ ಕೆಲಸವನ್ನು ಕೈಪಿಡಿಯಲ್ಲಿ ಸೂಚಿಸಿರುವುದಕ್ಕಿಂತ ಬೇಗನೆ ಮಾಡಿಸತಕ್ಕದ್ದು. ಮಳೆಗಾಲಕ್ಕೆ ಮೊದಲು, ಮೇ ತಿಂಗಳಿನಲ್ಲಿ, ನಾಲ್ಕೂ ಚಕ್ರಗಳನ್ನು ಬಿಚ್ಚಿಸಿ ಲೈನರ್, ಸಿಲಿಂಡರ್ ರಬ್ಬರ್‌ಗಳನ್ನು ನೋಡಿಸುವುದಕ್ಕೆ ತಗಲುವ ವೆಚ್ಚವು ಒಂದೆರಡು ದಿನದ ಬಾಡಿಗೆಯನ್ನು ಮೀರುವುದು ಅಪರೂಪ.

ಅರ್ಹತಾ ಪತ್ರ ಮತ್ತು ಇತರೆ ದಾಖಲೆಗಳು

ಹೊಸ ಸಾರಿಗೆ ವಾಹನದ ಅರ್ಹತಾ ಪತ್ರವು ಮೊದಲ 2 ವರ್ಷ ಊರ್ಜಿತವಾಗಿರುತ್ತದೆ. ನಂತರ ವಾಹನಕ್ಕೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸಬೇಕು. ಊರ್ಜಿತ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕಾಯ್ದೆಯ 56ನೇ ಕಲಂ ಪ್ರಕಾರ ಸಮರ್ಪಕವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಿ, ನಿಗದಿತ ದಿನಾಂಕದಂದು ವಾಹನವನ್ನು ಸರಕಿಲ್ಲದೆ, ಶುಚಿಗೊಳಿಸಿ ತಪಾಸಣೆಗೆ ಹಾಜರುಪಡಿಸಬೇಕು. ವಿಮೆ, ತೆರಿಗೆ ಪಾವತಿ ಹಾಗೂ ವಾಯು ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರಗಳು ಚಾಲ್ತಿಯಲ್ಲಿರಬೇಕು. ಕೆಲವು ಅರ್ಜಿದಾರರು ತಪಾಸಣೆಯ ದಿನಕ್ಕಷ್ಟೇ ಬೇರೆ ವಾಹನದ ಟೈರುಗಳನ್ನು ಎರವಲು ತಂದು ಅಳವಡಿಸುವುದುಂಟು. ಸಂಜೆಗೆ ಹಿಂದಿರುಗಿಸುವ ಟೈರು ಘಟ್ಟದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಒಟ್ಟು ತೂಕ 3000 ಕೆ.ಜಿ. ಮೀರದ ಸರಕು ವಾಹನಗಳಿಗೆ ರಹದಾರಿಯ ಅವಶ್ಯಕತೆ ಇರುವುದಿಲ್ಲ. ಮೀರಿದವುಗಳಿಗೆ ರಹದಾರಿ ಕಡ್ಡಾಯ. ಚಾಲನಾ ಅನುಜ್ಞಾ ಪತ್ರದ ಬಗ್ಗೆ ಮೊದಲು ಗೊಂದಲವಿತ್ತು. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಲಘು ಮೋಟಾರು ವಾಹನದ ಅನುಜ್ಞಾ ಪತ್ರ ಹೊಂದಿರುವವರು 7500 ಕೆ.ಜಿ.ಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಚಲಾಯಿಸಬಹುದೆಂದು ತೀರ್ಪು ನೀಡಿದೆ. ಕಾರು ಚಲಾಯಿಸಲು ಬಲ್ಲವರೆಲ್ಲರೂ ಭಾರ ಹೇರಿದ ಪಿಕಪ್ ಅನ್ನು ಘಟ್ಟದಲ್ಲಿ ಇಳಿಸಬಲ್ಲರು ಎಂಬುದು ಇದರ ಅರ್ಥವಲ್ಲ. ಹೊಸ ಚಾಲಕರನ್ನು ನೇಮಿಸಿಕೊಳ್ಳುವ ಮಾಲೀಕರು ಮೊದಲ ಕೆಲವು ಬಾರಿ ಅನುಭವಿ ಚಾಲಕರೊಂದಿಗೆ ಕಳುಹಿಸುವುದು ಯೋಗ್ಯ.

ಅಪಘಾತ ಸಂಭವಿಸಿದಲ್ಲಿ

ಗಾಯಾಳುಗಳನ್ನು ಕೂಡಲೇ ಆಸ್ಪತ್ರೆಗೆ ಸೇರಿಸಲು ಕ್ರಮ ಕೈಗೊಂಡು, 24 ಗಂಟೆಯೊಳಗಾಗಿ ಪೊಲೀಸರಿಗೆ ಮಾಹಿತಿ ನೀಡುವುದು ಹಾಗೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಚಾಲಕನ ಕರ್ತವ್ಯ. ತುರ್ತು ಕರೆಗೆ 112, ಆಂಬ್ಯುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗಳನ್ನು ಬಳಸಬಹುದು. ಘಟ್ಟಗಳ ಹಲವೆಡೆ ಮೊಬೈಲ್ ಸಂಪರ್ಕ ದೊರೆಯದ ಕಾರಣ, ಎದುರು ಬರುವ ವಾಹನದವರ ಮೂಲಕ ಮುಂದಿನ ತನಿಖಾ ಠಾಣೆಗೆ ಅಥವಾ ಸಮೀಪದ ಊರಿಗೆ ಸುದ್ದಿ ಮುಟ್ಟಿಸುವುದು. ನೆರವಿಗೆ ಬಂದ ಸಾರ್ವಜನಿಕರ ಮೇಲೆ ಯಾವುದೇ ಹೊಣೆ ಹೊರಿಸದಂತೆ ಕಾಯ್ದೆಯ 134ಎ ಕಲಂ ರಕ್ಷಣೆ ನೀಡಿದೆ. 2025ರ ಮೇ ತಿಂಗಳಲ್ಲಿ ಅಧಿಸೂಚಿಸಲಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ನಿಯೋಜಿತ ಆಸ್ಪತ್ರೆಗಳಲ್ಲಿ ಮುಂಗಡ ಹಣ ಪಾವತಿಯಿಲ್ಲದೆ ಪಡೆಯಲು ಅವಕಾಶವಿರುತ್ತದೆ.